ಬೇರು ಕೂಡಿದ ಕಾಡಿನಲ್ಲಿ

ನ್ಯೂಜಿಲೆಂಡ್‌ಗೆ ಹೋಗಿ ಬಂದವರು ಹಿಮದ ಬೆಟ್ಟ, ನೀಲಿ ಸರೋವರಗಳ ಬಗ್ಗೆಯೇ ಜಾಸ್ತಿ ಹೇಳುತ್ತಾರೆ. ಅವನ್ನು ನಾನೂ ನೋಡಿದೆ, ಚೆನ್ನಾಗಿವೆ. ಆದರೆ ನನ್ನ ಮನಸ್ಸು ನಿಂತಿದ್ದು ಉತ್ತರ ದ್ವೀಪದ ವೈಪೌವ ಕಾಡಿನಲ್ಲಿ, ಕೌರಿ ಎಂಬ ದೈತ್ಯ ಮರಗಳ ನಡುವೆ.

ಕಾಡಿನ ಬಾಗಿಲಲ್ಲೇ ಶೂ ತೊಳೆಯುವ ಜಾಗವಿದೆ. ಮೊದಲು ಬ್ರಷ್‌ನಿಂದ ಅಡಿ ಉಜ್ಜಬೇಕು. ಆಮೇಲೆ ಔಷಧಿ ನೀರಿನಲ್ಲಿ ಕಾಲಿಟ್ಟು ಒಳಗೆ ಹೋಗಬೇಕು. ಅಲ್ಲಿದ್ದವರು ಇಲ್ಲಿನ ಮೂಲನಿವಾಸಿ ಮಾವೊರಿಗಳ ತೆ ರೊರೊವಾ ಸಮುದಾಯದ ಒಬ್ಬ ಹಿರಿಯ ಹೆಂಗಸು. ಇದು ಅವರ ಪೂರ್ವಿಕರ ಕಾಡು. ನನ್ನ ಶೂ ಎತ್ತಿಸಿ ನೋಡಿದರು. ಗೆರೆಗಳ ಸಂದಿಯಲ್ಲಿ ಒಣಗಿದ ಮಣ್ಣು ಇನ್ನೂ ಕಚ್ಚಿಕೊಂಡಿತ್ತು.

"ಇನ್ನೊಮ್ಮೆ ಉಜ್ಜಿ. ಗುಂಡುಸೂಜಿ ತಲೆಯಷ್ಟು ಮಣ್ಣು ಸಾಕು, ರೋಗ ಹರಡೋಕೆ."

ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ ಕೌರಿಯ ಬೇರನ್ನು ಕೊಳೆಸಿ ಮರವನ್ನೇ ಕೊಲ್ಲುತ್ತದೆ. ಉಜ್ಜುತ್ತಲೇ ನಾನು ಬಹಳ ದಿನದಿಂದ ತಲೆಯಲ್ಲಿದ್ದ ಪ್ರಶ್ನೆ ಕೇಳಿದೆ. ಎಲೆಯಿಲ್ಲದೆಯೂ ಬದುಕಿರುವ ಕೌರಿ ಮರದ ಬೊಡ್ಡೆಯೊಂದರ ಬಗ್ಗೆ ಓದಿದ್ದೆ, ಅದು ನಿಜವಾ?

"ಆಕ್ಲೆಂಡ್ ಪಶ್ಚಿಮಕ್ಕಿರೋದು ಅಲ್ವಾ? ನಿಜ," ಎಂದರು.

ಆ ಬೊಡ್ಡೆಯ ವಿಷಯವನ್ನು ಆಕ್ಲೆಂಡ್‌ನ ಇಬ್ಬರು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಒಂದೂ ಎಲೆಯಿಲ್ಲ, ಆದರೂ ಒಳಗೆ ಜೀವವಿದೆ. ಅಕ್ಕಪಕ್ಕದ ಕೌರಿಗಳಲ್ಲೂ ಇದರಲ್ಲೂ ನೀರಿನ ಹರಿವು ಅಳೆದು ನೋಡಿದರು. ಹಗಲು ಎಲೆಯಿರುವ ಮರಗಳು ನೀರು ಎಳೆದುಕೊಳ್ಳುತ್ತವೆ, ಆಗ ಬೊಡ್ಡೆ ತೆಪ್ಪಗಿರುತ್ತದೆ. ರಾತ್ರಿ ಅವು ಸುಮ್ಮನಾದ ಮೇಲೆ ಇದರಲ್ಲಿ ನೀರು ಓಡಾಡುತ್ತದೆ. ಬೇರುಗಳು ಒಂದಕ್ಕೊಂದು ಬೆಸೆದುಕೊಂಡಿರಬೇಕು ಎಂಬುದು ಅವರ ತೀರ್ಮಾನ. ಮಣ್ಣೊಳಗಿನ ಶಿಲೀಂಧ್ರದ ಎಳೆಗಳು ಕಾಡಿನ ಮರಗಳನ್ನು ಜೋಡಿಸುವ ಜಾಲದ ಬಗ್ಗೆ ಕೇಳಿಬರುವ ಎಷ್ಟೋ ಮಾತಿಗೆ ಸಾಕ್ಷಿ ಸಾಲದು ಎಂದು 2023ರಲ್ಲಿ ಕೆಲವು ತಜ್ಞರೇ ಎಚ್ಚರಿಸಿದ್ದಾರೆ. ಅದಕ್ಕೇ ಅಳೆದು ನೋಡಿದ ಈ ಬೊಡ್ಡೆ ನನಗೆ ಇಷ್ಟ. ದುಡಿಯಲಾಗದವರನ್ನು ನಾವು ಎಷ್ಟು ಬೇಗ ಲೆಕ್ಕದಿಂದ ಬಿಡುತ್ತೇವೆ! ಇಲ್ಲಿ ಎಲೆಯಿಲ್ಲದ್ದಕ್ಕೂ ನೀರಿನಲ್ಲಿ ಪಾಲಿದೆ.

"ಅಕ್ಕಪಕ್ಕದ ಮರಗಳಿಗೆ ಇದರಿಂದ ಏನು ಲಾಭ?" ಎಂದೆ.

"ಅದರ ಬೇರೂ ಇವುಗಳ ಪಾಲಿಗೆ ಸಿಕ್ಕ ಹಾಗಾಯ್ತಲ್ಲ. ಬೇರು ಹೆಣೆದುಕೊಂಡಷ್ಟೂ ನೆಲದಲ್ಲಿ ಹಿಡಿತ ಜಾಸ್ತಿ." ಸ್ವಲ್ಪ ತಡೆದು ಹೇಳಿದರು, "ಆದ್ರೆ ಅದೇ ಬೇರಿನಲ್ಲಿ ರೋಗವೂ ದಾಟಬಹುದು."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಹಾಗಾದ್ರೆ ಒಂಟಿಯಾಗಿದ್ರೇ ಕ್ಷೇಮ ಅಲ್ವಾ?"

"ಅದು ಮರಗಳ ವಿಚಾರ. ಮಣ್ಣು ಹೊತ್ತು ತರೋದು ನಾವು. ಇನ್ನೊಂದು ಶೂ ಎತ್ತಿ."

ಮಾತು ಮುಗಿದಿರಲಿಲ್ಲ, ವ್ಯಾನ್ ಚಾಲಕ ಹಾರ್ನ್ ಹೊಡೆದ. ಸಾವಿರಕ್ಕೂ ಹೆಚ್ಚು ವರ್ಷದ ಮರದ ಮುಂದೆ ನಿಲ್ಲಲು ಅವನು ಕೊಟ್ಟಿದ್ದು ಇಪ್ಪತ್ತು ನಿಮಿಷ, ಅದರಲ್ಲಿ ಶೂ ತೊಳೆಯುವುದೂ ಸೇರಿ! ಈಗಲೂ ಸಿಟ್ಟು ಬರುತ್ತದೆ. ಪ್ಯಾಕೇಜ್ ಬುಕ್ ಮಾಡುವ ಮೊದಲು ಕಾಡಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಅಂತ ಕೇಳಿಕೊಳ್ಳಿ. ಸಾಧ್ಯವಾದರೆ ನಿಮ್ಮದೇ ಕಾರಿನಲ್ಲಿ ಹೋಗಿ. ಶೂಗಳನ್ನು ಹಿಂದಿನ ರಾತ್ರಿಯೇ ತೊಳೆದಿಡಿ.

ಮರದ ಹಲಗೆ ಹಾಸಿದ ದಾರಿಯಲ್ಲಿ ಓಡಿದ ಹಾಗೇ ನಡೆದೆ. ಕೌರಿಯ ನೀರು ಹೀರುವ ಬೇರುಗಳು ನೆಲದ ಮೇಲ್ಪದರದಲ್ಲೇ ಇರುತ್ತವೆ, ಅದಕ್ಕೇ ಹಲಗೆ ಬಿಟ್ಟು ಕಾಲಿಡುವ ಹಾಗಿಲ್ಲ. ತಿರುವು ದಾಟಿದರೆ ಎದುರಿಗೇ 'ತಾನೆ ಮಹುತಾ' ಎಂಬ ಹೆಸರಿನ ಮರ, ಬದುಕಿರುವ ಕೌರಿಗಳಲ್ಲೇ ಅತಿ ದೊಡ್ಡದು. ಕಾಂಡದಿಂದ ತೊಗಟೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಎತ್ತರದ ಕವಲುಗಳಲ್ಲಿ ಬೇರೆ ಗಿಡಗಳೇ ಒಂದು ತೋಟವಾಗಿ ಬೆಳೆದಿದ್ದವು.

ಆ ಬೊಡ್ಡೆಯನ್ನು ನೋಡುವ ಆಸೆ ಮಾತ್ರ ಬಿಟ್ಟೆ. ಆಕ್ಲೆಂಡ್ ಪಶ್ಚಿಮದ ವೈತಾಕೆರೆ ಬೆಟ್ಟದ ಕಾಡಿಗೆ ಜನ ಹೋಗಬಾರದೆಂದು ಅಲ್ಲಿನ ಮಾವೊರಿ ಸಮುದಾಯ 2017ರಲ್ಲೇ ರಾಹುಯಿ ಎಂಬ ಸಾಂಪ್ರದಾಯಿಕ ನಿರ್ಬಂಧ ಹೇರಿತು. ಎಷ್ಟೋ ಕಾಲುದಾರಿಗಳನ್ನು ಮುಚ್ಚಿದರು. ಹೆಂಗಸು ಹೇಳಿದ್ದು ಕೇಳಿದ ಮೇಲೆ ಅದು ಸರಿ ಅನ್ನಿಸಿತು.