ಅಲಂಕಾರದ ಮೊದಲ ಸಾಲು ನಾನು ಕೊಟ್ಟರೆ ಸಾಕು

ವೀಣೆ ಕಲಿಯಲು ಬರುವ ಮಕ್ಕಳಿಗೆ ಸ್ವರಲಿಪಿಯ ಹಾಳೆಗಳನ್ನು ನಾನೇ ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಡುತ್ತೇನೆ. ಗೀತೆ, ಸ್ವರಜತಿಗಳ ಕೆಲಸ ಖುಷಿ ಕೊಡುತ್ತದೆ, ಸಾಲುಸಾಲಿಗೂ ಏನಾದರೂ ಹೊಸದು ಸಿಗುತ್ತದೆ. ಅಲಂಕಾರಗಳು, ಅಂದರೆ ತಾಳಕ್ಕೊಂದರಂತೆ ಕಲಿಸುವ ಸ್ವರದ ಅಭ್ಯಾಸಪಾಠಗಳು, ಹಾಗಲ್ಲ. ಧ್ರುವತಾಳದ್ದನ್ನೇ ನೋಡಿ:

ಸ ರಿ ಗ ಮ | ಗ ರಿ | ಸ ರಿ ಗ ರಿ | ಸ ರಿ ಗ ಮ ||

ಮುಂದಿನ ಸಾಲು ಇದೇ ನಡೆ, ರಿಷಭದಿಂದ (ರಿ). ಆಮೇಲೆ ಗಾಂಧಾರದಿಂದ (ಗ). ಹತ್ತುವಾಗ ಐದು ಸಾಲು, ಇಳಿಯುವಾಗ ಐದು. ಏಳು ತಾಳಗಳ ಮೊದಲ ಸಾಲುಗಳನ್ನು ಕೂಡಿದರೆ 65 ಅಕ್ಷರ, ಅಂದರೆ ತಾಳದ ಎಣಿಕೆ. ಪೂರ್ತಿ ಬರೆದರೆ 650. ಆ ಉಳಿದ 585ರಲ್ಲಿ ಹೊಸ ವಿಷಯ ಒಂದೂ ಇಲ್ಲ, ಅಲ್ವಾ?

ಅದಕ್ಕೇ ಪೈಥಾನ್‌ನಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಷಡ್ಜಕ್ಕೆ (ಸ) 0, ರಿಷಭಕ್ಕೆ 1, ಹೀಗೆ ತಾರಷಡ್ಜಕ್ಕೆ (ಮೇಲಿನ ಸ) 7. ಧ್ರುವತಾಳ ಆಗ 0 1 2 3 | 2 1 | 0 1 2 1 | 0 1 2 3 ಆಗುತ್ತದೆ. ಮುಂದಿನ ಸಾಲು ಬೇಕಾದರೆ ಎಲ್ಲಕ್ಕೂ 1 ಕೂಡಿಸು. 3 ಹೋಗಿ 7 ಆಯಿತೋ, ನಿಲ್ಲಿಸು. ಐದೇ ಸಾಲು ಯಾಕೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಅವರೋಹಣ, ಅಂದರೆ ಇಳಿಯುವ ಸಾಲು, ಇನ್ನೂ ಸುಲಭ: ಪ್ರತಿ ಸಂಖ್ಯೆಯನ್ನೂ 7ರಿಂದ ಕಳೆ. 0 1 2 3 ಇದ್ದದ್ದು 7 6 5 4, ಅಂದರೆ ಮೇಲಿನ ಸ, ನಿ, ದ, ಪ. 7 ಬಂದ ಕಡೆಯೆಲ್ಲ ತಾರಸ್ಥಾಯಿಯ ಚುಕ್ಕಿ ತಾನಾಗಿ ಕೂರುತ್ತದೆ. ಕಾಪಿ ಪೇಸ್ಟ್ ಮಾಡುವಾಗ ಜಾಸ್ತಿ ಬಿಟ್ಟುಹೋಗುವುದು ಆ ಚುಕ್ಕಿಯೇ.

ಅಟ್ಟತಾಳದಲ್ಲಿ ಕಾರ್ವೆಗಳಿವೆ, ಅಂದರೆ ಹಿಂದಿನ ಸ್ವರವನ್ನೇ ಎಳೆಯುವ ಜಾಗಗಳು: ಸ ರಿ , ಗ , | ಸ , ರಿ ಗ , | ಮ , | ಮ , ||. ಅಲ್ಪವಿರಾಮವೂ ಒಂದು ಅಕ್ಷರ. ಸ್ಕ್ರಿಪ್ಟ್ ಮೊದಲು ಪ್ರತಿ ಅಂಗವನ್ನೂ, ಅಂದರೆ ಗೆರೆಗಳ ನಡುವಿನ ತಾಳದ ಭಾಗವನ್ನೂ ಎಣಿಸುತ್ತದೆ. ಖಂಡಜಾತಿ ಎಂದರೆ ಲಘು ಎಂಬ ಅಂಗಕ್ಕೆ 5 ಅಕ್ಷರ. ಹಾಗಾಗಿ ಒಂದು ಲಘುವಿಗೆ 5, ಇನ್ನೊಂದಕ್ಕೆ 5, ದ್ರುತ ಎಂಬ ಚಿಕ್ಕ ಅಂಗಗಳಿಗೆ 2 ಮತ್ತು 2, ಒಟ್ಟು 14. ಒಂದು ಕಡಿಮೆ ಬಿದ್ದರೂ ಪ್ರಿಂಟ್‌ಗೆ ಹೋಗುವುದಿಲ್ಲ. ತಾಳ ಹಾಕುತ್ತಾ ಓದುವ ಮಗುವಿನ ಕೈಗೆ ತಪ್ಪು ಹಾಳೆ ಸಿಗಬಾರದು. ನನಗೆ ಟೈಪ್ ಮಾಡುವ ಸಮಯ ಉಳಿಯುವುದಕ್ಕಿಂತ ಇದೇ ದೊಡ್ಡದು.

ಅಣ್ಣನ ಮಗಳು ವಿದೇಶದ ಶಾಲೆಯಲ್ಲಿ ಪಿಟೀಲು ಕಲಿಯುತ್ತಾಳೆ. ಅವಳಿಗೆ ಐದು ಗೆರೆಯ ಸ್ಟಾಫ್ ಲಿಪಿಯೇ ಬೇಕು. ಅದಕ್ಕೆ ಲಿಲಿಪಾಂಡ್ ಇದೆ. ನೆದರ್ಲೆಂಡ್ಸ್‌ನ ಇಬ್ಬರು 1996ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ. ಅದರಲ್ಲಿ ಸಂಗೀತವನ್ನು ಎಳೆದು ಕೂರಿಸುವುದಿಲ್ಲ, ಬರೆಯುತ್ತೇವೆ. ಮಾಯಾಮಾಳವಗೌಳ ರಾಗವನ್ನು ಡಚ್ ಸ್ವರನಾಮಗಳಲ್ಲಿ ಸಿ, ಡೆಸ್, ಇ, ಎಫ್, ಜಿ, ಆಸ್, ಬಿ ಎಂದು ಒಮ್ಮೆ ಹೇಳಿಟ್ಟರೆ ಆಯಿತು. 'ಮೋಡಲ್ ಟ್ರಾನ್ಸ್‌ಪೋಸ್' ಎಂಬ ಆಜ್ಞೆ ರಾಗದ ಸ್ವರಗಳ ಒಳಗೇ ಸಾಲನ್ನು ಮೇಲೇರಿಸುತ್ತದೆ. 'ಮೋಡಲ್ ಇನ್ವರ್ಷನ್' ಅದನ್ನು ತಿರುಗಿಸಿ ಅವರೋಹಣ ಮಾಡಿಕೊಡುತ್ತದೆ. ನಮ್ಮ ಅಲಂಕಾರಕ್ಕೆ ಬೇಕಾದ ಎರಡು ಕೆಲಸಗಳೂ ಅಲ್ಲಿ ಸಿದ್ಧವಾಗಿವೆ! ಕಲ್ಯಾಣಿ ರಾಗದಲ್ಲಿ ಬೇಕೆಂದರೆ ರಾಗದ ಸಾಲನ್ನೂ ಮೊದಲ ಸಾಲಿನ ಸ್ವರಗಳನ್ನೂ ಬದಲಿಸಿದರೆ ಮುಗಿಯಿತು.

ಹೀಗೆ ತಿರುಗಿಸಿದಾಗ ಕಣ್ಣಿಗೆ ಬಿದ್ದ ಒಂದು ಚಂದವನ್ನು ಹೇಳಲೇಬೇಕು. ವೀಣೆಯ ಮೆಟ್ಟುಗಳಲ್ಲಿ ಎಣಿಸಿ ನೋಡಿ. ಮಾಯಾಮಾಳವಗೌಳದಲ್ಲಿ ಷಡ್ಜದಿಂದ ಮೇಲಕ್ಕೆ ರಿ ಒಂದು ಮೆಟ್ಟು, ಗ ನಾಲ್ಕು, ಮ ಐದು. ತಾರಷಡ್ಜದಿಂದ ಕೆಳಕ್ಕೆ ನಿ ಒಂದು, ದ ನಾಲ್ಕು, ಪ ಐದು. ಕನ್ನಡಿ ಹಿಡಿದಷ್ಟು ಸರಿಸಮ. ಪುರಂದರದಾಸರು ಹಾಕಿಕೊಟ್ಟದ್ದೆಂದು ನಾವು ನಂಬಿರುವ ಪಾಠಕ್ರಮ ಇದೇ ರಾಗದಿಂದ ಶುರುವಾಗುವುದು ಎಷ್ಟು ಸೊಗಸು!

ಆದರೆ ಎಲ್ಲವನ್ನೂ ಸ್ಕ್ರಿಪ್ಟ್‌ಗೆ ಬಿಡಲು ನನಗೆ ಮನಸ್ಸಿಲ್ಲ. ಏಳು ತಾಳ, ಐದು ಜಾತಿ, ಒಟ್ಟು 35. ಲಘುವಿಗೆ 4 ಅಕ್ಷರದ ಚತುರಶ್ರ ಜಾತಿಯ ಧ್ರುವದ 14 ಅಕ್ಷರ, ಲಘುವಿಗೆ 9 ಇರುವ ಸಂಕೀರ್ಣ ಜಾತಿಯಲ್ಲಿ 29 ಆಗುತ್ತದೆ. 9 ಅಕ್ಷರದ ಆ ಲಘುವಿನಲ್ಲಿ ಸ್ವರಗಳು ಹೇಗೆ ನಡೆಯಬೇಕು? ಸುಮ್ನೆ ಸೂತ್ರ ಹಾಕಿ ತುಂಬಬಹುದು, ಲೆಕ್ಕವೂ ಸರಿಬರುತ್ತದೆ. ಹಾಡಿದರೆ ಮಾತ್ರ ಉಸಿರು ಎಲ್ಲೆಲ್ಲೋ ನಿಲ್ಲುತ್ತದೆ. ಗುರುಗಳಿಂದ ಗುರುಗಳಿಗೆ ಪಾಠ ಬೇರೆಯಾಗುವುದೂ ಇಲ್ಲೇ. ಹಾಗಾಗಿ ಪ್ರತಿ ತಾಳದ ಮೊದಲ ಸಾಲನ್ನು ಯಾರಾದರೂ ಹಾಡಿ, ಒಪ್ಪಿ ಬರೆಯಬೇಕು. ವರ್ಣಗಳನ್ನಂತೂ ಈಗಲೂ ಕೈಯಲ್ಲೇ ಟೈಪ್ ಮಾಡುತ್ತೇನೆ.

ಸಂಕೀರ್ಣಜಾತಿಯ ಧ್ರುವ, ಮಠ್ಯ, ಅಟ್ಟ ತಾಳಗಳಿಗೆ ನಿಮ್ಮ ಗುರುಗಳು ಹೇಳಿಕೊಟ್ಟ ಮೊದಲ ಸಾಲು ನೆನಪಿದ್ದರೆ ದಯವಿಟ್ಟು ಬರೆದು ಕಳಿಸಿ. ಉಳಿದ ಒಂಬತ್ತು ಸಾಲು ಸೇರಿಸಿ, ಅಚ್ಚಿಗೆ ಸಿದ್ಧವಾದ ಹಾಳೆಯನ್ನು ನಿಮಗೇ ಕಳಿಸಿಕೊಡುತ್ತೇನೆ.