ಬೆಳಗ್ಗೆ ಹನ್ನೊಂದಕ್ಕೆ ಸೂರ್ಯಾಸ್ತ

ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೆ ಉದ್ದನೆಯ ವಾಕ್ಯ ಕಂಡರೆ ಭಯವಿಲ್ಲ. ಒಂಟಿ ಪದ ಕಂಡರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಅಂದು ಬಂದದ್ದು ಅಂಥದ್ದೇ ಕಡತ. ತೋಟದ ಪಂಪನ್ನು ಹೊತ್ತಿಗೆ ಸರಿಯಾಗಿ ಓಡಿಸಿ ನಿಲ್ಲಿಸುವ ಯಂತ್ರವೊಂದರ ಪುಟ್ಟ ಪರದೆಗೆ ಕನ್ನಡ ಬೇಕಿತ್ತು. ಚಿತ್ರವಿಲ್ಲ, ವಿವರಣೆಯಿಲ್ಲ, ಸಾಲಿಗೊಂದು ಪದ. ಒಂದು ಸಾಲಿನಲ್ಲಿ ‘ಸನ್‌ರೈಸ್’, ಅದರ ಕೆಳಗೆ ‘ಸೆಟ್’. ಮೂಡಿದವನು ಮುಳುಗಲೇಬೇಕಲ್ಲ! ‘ಸೂರ್ಯೋದಯ’ದ ಕೆಳಗೆ ‘ಅಸ್ತ’ ಎಂದು ಬರೆದೆ. ಎರಡೇ ಅಕ್ಷರದಲ್ಲಿ ಮುಗಿಸಿದೆನೆಂದು ಬೀಗಿದ್ದೂ ಉಂಟು.

ಎರಡು ವಾರ ಕಳೆದ ಮೇಲೆ, ಯಂತ್ರವನ್ನು ತೋಟಗಳಲ್ಲಿ ಪರೀಕ್ಷಿಸುತ್ತಿದ್ದ ಹುಡುಗ ಫೋನ್ ಮಾಡಿದ.

“ಮೇಡಂ, ಬೆಳಗ್ಗೆ ಹನ್ನೊಂದು ಗಂಟೆಗೆ ಸಮಯ ತುಂಬಿಸಿ ನೋಡಿದರೆ ಗುಂಡಿಯ ಮೇಲೆ ‘ಅಸ್ತ’ ಎಂದಿದೆ. ಒತ್ತಿದರೆ ಮೋಟರೇ ಅಸ್ತವಾದೀತೆಂದು ಯಾರೂ ಮುಟ್ಟುತ್ತಿಲ್ಲ.”

ಕಿವಿ ಬಿಸಿಯಾಯಿತು. ಸಂಜೆಯೊಳಗೆ ಸರಿಪಡಿಸಿ ಕಳಿಸುತ್ತೇನೆಂದು ಹೇಳಿ ನಿಘಂಟು ತೆರೆದೆ. ಅದೂ ತಪ್ಪೇ, ನಿಘಂಟಿನಲ್ಲಿ ಈ ಪದಕ್ಕೆ ತಳವೇ ಇಲ್ಲ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದನೆಯ ನಮೂದು ‘ಸೆಟ್’ನದೇ, ಕ್ರಿಯಾಪದವಾಗಿಯೇ ನಾನೂರಕ್ಕೂ ಹೆಚ್ಚು ಅರ್ಥ. ಈಚೆಗಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತಂತೆ. ನನಗೆ ಅದರಿಂದೇನೂ ಸಮಾಧಾನವಾಗಲಿಲ್ಲ. ‘ರನ್’ ಕೂಡ ಅದೇ ಕಡತದ ಹದಿನಾಲ್ಕನೆಯ ಸಾಲಿನಲ್ಲಿ ಕೂತಿತ್ತು.

ಕಾಗದ ತೆಗೆದು ಗೀಚತೊಡಗಿದೆ. ಅಲಾರಂ ಇಡುತ್ತೇವೆ, ಬೆಲೆ ಗೊತ್ತುಮಾಡುತ್ತೇವೆ, ಬಲೆ ಒಡ್ಡುತ್ತೇವೆ, ಬೆಂಕಿ ಹಚ್ಚುತ್ತೇವೆ, ಅಚ್ಚುಮೊಳೆ ಜೋಡಿಸುತ್ತೇವೆ. ಮೊಸರು ಹೆಪ್ಪುಗಟ್ಟುತ್ತದೆ, ಸೂರ್ಯ ಮುಳುಗುತ್ತಾನೆ. ಇಂಗ್ಲಿಷಿನವರಿಗೆ ಇದೆಲ್ಲ ಒಂದೇ. ಶಾಲೆಯ ಗಣಿತದಲ್ಲಿ ಅದೇ ಪದ ‘ಗಣ’ವಾಗಿತ್ತು, ಶೂನ್ಯ ಗಣ, ಉಪಗಣ ಎಂದು ಉರುಹೊಡೆದದ್ದು ನೆನಪಾಯಿತು. ಹೋಟೆಲಿನಲ್ಲಿ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೆಟ್ ದೋಸೆ ಎಂದರೆ ಮೆತ್ತನೆಯ ಎರಡೋ ಮೂರೋ ದೋಸೆ, ಪಕ್ಕದಲ್ಲಿ ಸಾಗು. ಅದನ್ನು ‘ಗಣದೋಸೆ’ ಎಂದು ಕರೆಯಬೇಕೆಂದು ಇದುವರೆಗೆ ಯಾರಿಗೂ ಹೊಳೆದಿಲ್ಲ, ಪುಣ್ಯ.

ಅಷ್ಟರಲ್ಲಿ ಅಮ್ಮ ಬಲಗಿವಿಯ ಓಲೆ ಬಿಚ್ಚಿ ತಂದು ನನ್ನ ಕಾಗದದ ಮೇಲಿಟ್ಟಳು. ಏಳು ಕಲ್ಲಿನಲ್ಲಿ ಒಂದು ಅಲುಗಾಡುತ್ತಿತ್ತು. ಉಗುರಿನಿಂದ ಮೆಲ್ಲಗೆ ಒತ್ತಿ ತೋರಿಸಿದಳು.

“ಅಕ್ಕಸಾಲಿಗರ ಅಂಗಡಿಗೆ ಹೋಗಿ ಬಾರೇ. ಕಲ್ಲು ಸರಿಯಾಗಿ ಕೂರಿಸಿಲ್ಲ.”

ಕೂರಿಸುವುದು! ಇಂಗ್ಲಿಷಿನಲ್ಲಿ ಈ ಕೆಲಸಕ್ಕೂ ‘ಸೆಟ್’ ಎಂದೇ ಹೇಳುತ್ತಾರೆ. ಮತ್ತೆ ನಿಘಂಟಿಗೆ ಬಂದು ಪದದ ಹುಟ್ಟು ನೋಡಿದೆ. ಕ್ರಿಯಾಪದದ ‘ಸೆಟ್’ ಹುಟ್ಟಿದ್ದೇ ‘ಸಿಟ್’ನಿಂದ. ಕೂರು, ಕೂರಿಸು, ಅಷ್ಟೆ. ನಾವು ಗಣಪತಿ ಕೂರಿಸುವ ಹಾಗೆ, ಜಾರಿದ ಮೂಳೆ ಕೂರಿಸುವ ಹಾಗೆ. ಗುಂಪು ಎಂಬ ಅರ್ಥದ ‘ಸೆಟ್’ ಬಂದ ದಾರಿ ಬೇರೆ: ಲ್ಯಾಟಿನ್ನಿನ ‘ಸೆಕ್ಟ’ದಿಂದ ಹಳೆಯ ಫ್ರೆಂಚ್ ಹಾದು ಬಂದದ್ದು, ಮತಪಂಥಕ್ಕೆ ಹೇಳುವ ‘ಸೆಕ್ಟ್’ನ ನೆಂಟ. ಅಂದರೆ ಬೇರೆಬೇರೆ ಮನೆಯ ಇಬ್ಬರು ಒಂದೇ ಹೆಸರಿಟ್ಟುಕೊಂಡು ನನ್ನನ್ನು ಆಟವಾಡಿಸುತ್ತಿದ್ದರು.

ಹಾಗೆಂದು ಗುಂಡಿಯ ಮೇಲೆ ‘ಕೂರಿಸಿ’ ಎಂದು ಬರೆಯಲು ಆಗುತ್ತದೆಯೇ? ‘ಹೊಂದಿಸಿ’ ಎಂದು ತಿದ್ದಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಮತ್ತೆ ಅದೇ ಹುಡುಗ.

“ಮೇಡಂ, ಚೆನ್ನಾಗಿದೆ. ಆದರೆ ಇಲ್ಲಿ ಎಲ್ಲರೂ ‘ಟೈಮ್ ಸೆಟ್ ಮಾಡು’ ಎಂದೇ ಹೇಳುವುದು. ಅವರು ಪಂಪ್‌ಸೆಟ್ ಇಟ್ಟುಕೊಂಡವರಲ್ಲವೇ?”

ಈಗ ಗುಂಡಿಯ ಮೇಲೆ ಕನ್ನಡ ಅಕ್ಷರದಲ್ಲಿ ‘ಸೆಟ್’ ಎಂದಿದೆ. ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಅದಕ್ಕೂ ನನಗೆ ಹಣ ಸಂದಿದೆ. ಅಮ್ಮನ ಓಲೆಯ ಕಲ್ಲು ಕೂರಿಸಲು ಅಕ್ಕಸಾಲಿಗರು ಕೇಳಿದ್ದು ಅದರ ನೂರು ಪಟ್ಟು.