ಉಸಿರಾಡದ ಗಾಯಕರು

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ನಮ್ಮ ಹವ್ಯಾಸಿ ಗಾಯನ ತಂಡಕ್ಕೆಂದು ಭಾವಗೀತೆಯೊಂದನ್ನು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳಿಗೆ ಹೊಂದಿಸಿ, ಮ್ಯೂಸ್‌ಸ್ಕೋರ್ 4 ಎಂಬ, ಬರೆದ ಸ್ವರಲಿಪಿಯನ್ನು ತಾನೇ ನುಡಿಸಿ ಕೇಳಿಸುವ ತಂತ್ರಾಂಶದಲ್ಲಿ ಬರೆದು, ಅದರ ಆಡಿಯೊವನ್ನು ಅಭ್ಯಾಸಕ್ಕಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಆಲ್ಟೊ ಹಾಡುವ ಹಿರಿಯರೊಬ್ಬರು ಕೇಳಿದರು: “ಸರ್, ಇದು ನಾವೋ, ಹಾರ್ಮೋನಿಯಮ್ಮೋ?”

ಮಾತು ಚುಚ್ಚಿತು, ಆದರೆ ಸರಿಯಾಗಿತ್ತು. ಆ ತಂತ್ರಾಂಶಕ್ಕೆ ಉಚಿತವಾಗಿ ಸಿಗುವ ಮ್ಯೂಸ್ ಸೌಂಡ್ಸ್ ಎಂಬ ದನಿಸಂಗ್ರಹದ ಕಾಯರ್ (ವೃಂದಗಾಯನದ ದನಿ), ಎಲೆಕ್ಟ್ರಾನಿಕ್ ವಾದ್ಯಗಳ ದನಿಗಳಿಗೆ ಸಂಖ್ಯೆ ಕೊಟ್ಟ ಹಳೆಯ ಜನರಲ್ ಮಿಡಿ ಪಟ್ಟಿಯಲ್ಲಿ 53ನೆಯದಾಗಿರುವ ‘ಆ’ಕಾರದ ದನಿಗಿಂತ ಎಷ್ಟೋ ಮೇಲು. ದೋಷ ಇದ್ದದ್ದು ನನ್ನ ಬರವಣಿಗೆಯಲ್ಲಿ: ಹದಿನಾರು ಬಾರ್‌ಗಳಲ್ಲಿ (ತಾಳದ ಆವರ್ತಗಳಂಥ ಭಾಗಗಳಲ್ಲಿ) ಉಸಿರಿಗೆ ಬಿಡುವು ಕೊಡುವ ಒಂದೇ ಒಂದು ವಿರಾಮ ಚಿಹ್ನೆಯೂ ಇರಲಿಲ್ಲ. ನಾಲ್ಕು ಬೀಟ್‌ಗಳ ದೀರ್ಘ ಸ್ವರವನ್ನು ಮೂರೂವರೆಗೆ ಇಳಿಸಿ, ಉಳಿದ ಅರ್ಧ ಬೀಟ್ ಖಾಲಿ ಬಿಟ್ಟೊಡನೆ ಸೊಪ್ರಾನೊ ಸಾಲಿಗೆ ಜೀವ ಬಂದಿತು. ಆದರೆ ನಾಲ್ಕೂ ಧ್ವನಿಗಳಿಗೆ ಅದೇ ಜಾಗದಲ್ಲಿ ಉಸಿರು ಕೊಟ್ಟಾಗ ಇಡೀ ತಂಡ ಒಟ್ಟಿಗೆ ಬಿಕ್ಕಳಿಸಿದಂತೆ ಕೇಳಿತು. ಆದ್ದರಿಂದ ಆಲ್ಟೊವನ್ನು ಮುಂದಿನ ಬಾರ್‌ವರೆಗೆ ಎಳೆದು, ಟೆನರ್‌ಗೆ ಪದ ಮುಗಿದಲ್ಲಿ ಬಿಡುವು ಕೊಟ್ಟೆ.

ಎರಡನೆಯದು ಸ್ವರದ ಆರಂಭ. ಕಾಯರ್ ದನಿ ಮೆಲ್ಲನೆ ಮೈದುಂಬಿಕೊಳ್ಳುವುದರಿಂದ, ವೇಗದ ಚಿಕ್ಕ ಸ್ವರಗಳು ಪೂರ್ತಿ ಅರಳುವ ಮೊದಲೇ ಮುಗಿದುಹೋಗಿ ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಅಂಥಲ್ಲಿ ಪಿಯಾನೊವನ್ನು ಬಹಳ ಸಣ್ಣ ದನಿಯಲ್ಲಿ ಜೊತೆಗಿಟ್ಟರೆ ಕಿವಿಗೆ ಅಂಚು ಸಿಗುತ್ತದೆ. ದೀರ್ಘ ಸ್ವರಗಳಿಗಂತೂ ದನಿ ಮೆಲ್ಲನೆ ಏರಬೇಕೆಂದು ಸೂಚಿಸುವ ಕ್ರೆಶೆಂಡೊ ಗೆರೆ ಬೇಕೇ ಬೇಕು, ಏಕೆಂದರೆ ಮನುಷ್ಯರ ಕಂಠದಲ್ಲಿ ನಾಲ್ಕು ಬೀಟ್ ಒಂದೇ ಮಟ್ಟದಲ್ಲಿ ನಿಲ್ಲುವ ದನಿ ಅಪರೂಪ. ರಿವರ್ಬ್ (ಮಾರ್ದನಿ) ಹೆಚ್ಚಿಸಿ ಲೋಪ ಮುಚ್ಚುವ ಆಸೆ ನನಗೂ ಇತ್ತು. ಹೆಚ್ಚಿಸಿದಷ್ಟೂ ಬಾಸ್ ಸಾಲು ಮಸುಕಾಯಿತು.

ಕೆಳಗೆ ಬರೆದ ಸಾಹಿತ್ಯವನ್ನು ಈ ಕಾಯರ್ ಉಚ್ಚರಿಸುವುದಿಲ್ಲ. ಆದರೂ ಕನ್ನಡದ ಪದಗಳು ಬಹುಮಟ್ಟಿಗೆ ಅ, ಇ, ಉ, ಎಗಳಂಥ ಸ್ವರಾಕ್ಷರಗಳಲ್ಲೇ ಕೊನೆಗೊಳ್ಳುವುದರಿಂದ, ಸಾಲಿನ ಕೊನೆಯ ದೀರ್ಘ ಸ್ವರಗಳಲ್ಲಿ ಆ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ‘ತ್ತ’, ‘ಕ್ಕ’ಗಳಂಥ ಒತ್ತಕ್ಷರಗಳಲ್ಲಿ, ಒತ್ತಿನ ಕ್ಷಣಿಕ ತಡೆಯೇ ಲಯವನ್ನು ಹಿಡಿದಿರುವಾಗ ಅದಿಲ್ಲದ ಸಾಲು ಜಾರುತ್ತದೆ. ಅಲ್ಲಿ ಹಿಂದಿನ ಸ್ವರವನ್ನು ಕೂದಲೆಳೆಯಷ್ಟು ಮೊಟಕುಗೊಳಿಸುತ್ತೇನೆ.

ಪಲ್ಲವಿಯ ಎರಡನೆಯ ಸಾಲಿನ ಗಮಕಕ್ಕೆ ಮಾತ್ರ ಇದಾವುದೂ ಒದಗಲಿಲ್ಲ. ಸ್ವರಗಳ ನಡುವಿನ ಜಾರುವಿಕೆಯನ್ನು ಚಿಕ್ಕ ಚಿಕ್ಕ ಸ್ವರಗಳಾಗಿ ಒಡೆದು ಬರೆದರೆ ಮೆಟ್ಟಿಲು ಹತ್ತಿದಂತೆ ಕೇಳುತ್ತಿತ್ತು. ಕೊನೆಗೆ ಆ ಸಾಲನ್ನು ನಾನೇ ಹಾಡಿ, ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಿದೆ. ಹಿನ್ನೆಲೆಯಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದೂ ಇತ್ತು.